ಬೀದಿಗೆ ಹಂಚದ ಮದುವೆ ಕೇಕು

ಊರೆಲ್ಲ ಕೇಕು ಹಂಚಿ ತಿನ್ನುವ ಹುಣ್ಣಿಮೆ ಹಬ್ಬಕ್ಕೆ ಮುಂಚಿನ ಒಂದು ತಿಂಗಳು ಬೇಕರಿಯವರ ಮನೆಯಲ್ಲಿ ಊಟವೆಂಬುದೇ ಇರುವುದಿಲ್ಲ. ಒಲೆಯ ಮುಂದೆ ನಿಂತು ಏನಾದರೊಂದು ನುಂಗಿ ನೀರು ಕುಡಿಯುವುದು, ಅಷ್ಟೇ. ನಮ್ಮ ಲುಕಾಂಗ್ ಊರಿನ ಹಳೇ ಬೀದಿಯ ಕುನ್‌ಶಾನನ ಮನೆಯೂ ಹಾಗೇ. ಹಬ್ಬ ಕಳೆದು ಎಲ್ಲರೂ ಒಟ್ಟಿಗೆ ಕೂತು ಉಂಡ ಮೊದಲ ಮಧ್ಯಾಹ್ನ ಅವನ ಹೆಂಡತಿ ಸುಚಿನ್ ಸಮುದ್ರದ ಸಿಂಪಿ ಹಾಕಿ ಶಾವಿಗೆ ಸಾರು ಮಾಡಿದ್ದಳು. ಹಂದಿಮಾಂಸವನ್ನು ಸೋಯಾ ರಸದಲ್ಲಿ ಬೇಯಿಸಿ, ಗೆಣಸಿನ ಸೊಪ್ಪು ಹುರಿದಿದ್ದಳು. ಮಗ ಯುಂಗ್‌ಫಾ ಎರಡನೇ ಬಟ್ಟಲಿಗೆ ಕೈಹಾಕಿದ್ದ. ಆಗ ಕುನ್‌ಶಾನನ ತಾಯಿ, ಎಂಬತ್ತು ದಾಟಿದ ಚಿನ್‌ಚೀ ಅಜ್ಜಿ, ಬಾಯಿ ಒರೆಸಿಕೊಂಡು ಹೇಳಿದಳು:

“ನಾನು ತೈಪೆಗೆ ಹೋಗ್ಬೇಕು.”

“ಹೋಗೋಣ ಬಿಡಜ್ಜಿ,” ಅಂದ ಯುಂಗ್‌ಫಾ. “ಮ್ಯೂಸಿಯಂನಲ್ಲಿರೋ ಆ ಹಸಿರುಕಲ್ಲಲ್ಲಿ ಕೆತ್ತಿದ ಕೋಸು ನೋಡ್ಬೇಕು ಅಂತ ಎಷ್ಟು ದಿನದಿಂದ ಜೀವ ತಿಂತಿದ್ದೀಯ.”

“ಕೋಸು ಆಮೇಲೆ. ಮೊದಲು ಗಂಟಿನ ತಾತನ ಹತ್ರ ನ್ಯಾಯ ಕೇಳ್ಬೇಕು. ವಾನ್‌ರುಗೆ ಮೂವತ್ತು ದಾಟ್ತು. ಇನ್ನೂ ಗಂಟು ಹಾಕಿಲ್ಲ ಅಂದ್ರೆ ಅವನಿಗೆ ಕಣ್ಣು ಕಾಣಲ್ವೋ, ಕಿವಿ ಕೇಳಲ್ವೋ, ತಿಳ್ಕೊಂಡೇ ಬರ್ತೀನಿ.”

ಗಂಟಿನ ತಾತ ತೈಪೆಯ ಹಳೇ ಪೇಟೆಯ ಗುಡಿಯಲ್ಲಿ ಕೂತಿರುವ ಬಿಳಿಗಡ್ಡದ ದೇವರು. ಮದುವೆಯಾಗಬೇಕಾದವರ ಕಾಲಿಗೆ ಕೆಂಪು ದಾರ ಕಟ್ಟಿ ಗಂಟು ಹಾಕುವುದು ಅವನ ಕೆಲಸ. ಅವನ ಮುಂದೆ ನಿಂತು ಹೆಸರು, ಹುಟ್ಟಿದ ದಿನ, ಮನೆ ವಿಳಾಸ ಹೇಳಿ, ಎಂಥವರು ಬೇಕು ಎಂಬುದನ್ನೂ ಬಿಡಿಸಿ ಹೇಳಬೇಕು. ಮದುವೆಯಾದ ಮೇಲೆ ಮದುವೆ ಕೇಕು ಹೊತ್ತುಕೊಂಡು ಹೋಗಿ ಹರಕೆ ತೀರಿಸಬೇಕು. ನಾಲ್ಕು ವರ್ಷದ ಹಿಂದೆ ನಮ್ಮೂರ ಗುಡಿಯವರ ಬಸ್ಸಿನಲ್ಲಿ ಹೋಗಿ ಅಜ್ಜಿ ಮೊಮ್ಮಗಳ ಹೆಸರಲ್ಲಿ ಹರಕೆ ಹೊತ್ತಿದ್ದಳು. ಹೋದ ವರ್ಷ ಮತ್ತೊಮ್ಮೆ ಹೋಗಿ ನೆನಪಿಸಿ ಬಂದಿದ್ದಳು.

ಅಜ್ಜಿಯ ಮಾತಿಗೆ ಉಳಿದವರ ಊಟದ ಕಡ್ಡಿಗಳು ಬಟ್ಟಲಲ್ಲೇ ನಿಂತವು. ವಾನ್‌ರು ಮದುವೆಯಾಗಿ ಎರಡು ವರ್ಷವಾಗಿತ್ತು. ತೈಪೆಯ ಸರ್ಕಾರಿ ಕಛೇರಿಯಲ್ಲಿ ರುಜು ಹಾಕಿ, ಯಿಚೆನ್ ಎಂಬ ಹುಡುಗಿಯನ್ನು ಮದುವೆಯಾಗಿದ್ದಳು. ಅದು ಅಜ್ಜಿಯೊಬ್ಬಳಿಗೆ ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಜ್ಜಿಗೆ ಯಿಚೆನ್ ಎಂದರೆ ಮೊಮ್ಮಗಳ ಜೊತೆ ಮನೆ ಬಾಡಿಗೆ ಹಂಚಿಕೊಂಡಿರುವ ಗೆಳತಿ. ಹೇಳಕೂಡದೆಂದು ಅಪ್ಪಣೆ ಮಾಡಿದ್ದವನು ಕುನ್‌ಶಾನ್. ಅವ್ವನ ಎದೆ ಗಟ್ಟಿಯಿಲ್ಲ ಅಂದಿದ್ದ. ಅವ್ವನ ಎದೆ ಗಟ್ಟಿಯಾಗಿಯೇ ಇತ್ತು. ಗಟ್ಟಿಯಿಲ್ಲದ್ದು ಅವನದು. ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆಂಬುದೇ ಅವನ ಚಿಂತೆಯಾಗಿತ್ತು.

“ಪಂಚಾಂಗ ನೋಡಿದ್ದೀನಿ,” ಅಂದಳು ಅಜ್ಜಿ. “ಅಕ್ಟೋಬರ್ ಕೊನೇ ಶನಿವಾರ ಹರಕೆಗೆ ಒಳ್ಳೇ ದಿನ.”

ಸಂಜೆ ಸುಚಿನ್ ಮೈದಾ ಮೂಟೆಗಳ ಮಧ್ಯೆ ಕೂತು ಮಗಳಿಗೆ ಫೋನ್ ಮಾಡಿದಳು. ವಾನ್‌ರು ತೈಪೆಯ ವಸ್ತುಸಂಗ್ರಹಾಲಯವೊಂದರಲ್ಲಿ ಜನರಿಗೆ ಒಳಗಿನದನ್ನೆಲ್ಲ ತೋರಿಸಿ ವಿವರಿಸುವ ಕೆಲಸದಲ್ಲಿದ್ದಳು.

“ಅಜ್ಜಿ ಬರ್ತಾಳಾ? ನಿಜವಾಗ್ಲೂ? ಅಪ್ಪಾನೂ?”

“ಎಲ್ಲಾರೂ. ಯುಂಗ್‌ಫಾ ವ್ಯಾನ್ ಓಡಿಸ್ತಾನೆ.”

“ಅಮ್ಮ, ಎರಡು ವರ್ಷದಲ್ಲಿ ನಿಮ್ಮಲ್ಲಿ ಒಬ್ಬರೂ ನಮ್ಮನೆ ಹೊಸಿಲು ತುಳಿದಿಲ್ಲ. ಬನ್ನಿ. ನಮ್ಮ ಮಂಚದ ಮೇಲೆ ಅಜ್ಜಿ ಮಲಗ್ಲಿ. ನಾನು, ಯಿಚೆನ್ ನೆಲದ ಮೇಲೆ ಮಲಗ್ತೀವಿ.”

ಸುಚಿನ್ ದನಿ ತಗ್ಗಿಸಿ, “ಯಿಚೆನ್ ಮೂರು ದಿನಕ್ಕೆ ಅವರಮ್ಮನ ಮನೆಗೆ ಹೋಗಿರೋಕಾಗಲ್ವಾ ಮಗಾ?” ಅಂದಳು. ಹಾಗೆ ಕೇಳೆಂದು ಎದುರಿಗೆ ನಿಂತು ಕಣ್ಸನ್ನೆ ಮಾಡಿದವನು ಕುನ್‌ಶಾನ್.

“ಯಿಚೆನ್ ಎಲ್ಲಿಗೂ ಹೋಗಲ್ಲ. ಅದು ಅವಳ ಮನೆ. ಪಕ್ಕದಲ್ಲಿ ಅಪ್ಪ ಇದ್ದಾನಲ್ಲ, ಅವನಿಗೂ ಕೇಳೋ ಹಾಗೆ ಹೇಳು.”

ಆದರೆ ಮಾರನೇ ದಿನ ವಾನ್‌ರು ತಾನೇ ಫೋನ್ ಮಾಡಿದಳು. ಯಿಚೆನ್ ಹೋಗಿರುತ್ತೇನೆಂದು ಒಪ್ಪಿಕೊಂಡಿದ್ದಳಂತೆ. ವಾನ್‌ರು ಬಿಟ್ಟಿರಲಿಲ್ಲ. ಇಬ್ಬರೂ ಜಗಳವಾಡಿ, ರಾಜಿಯಾಗಿ ಒಂದು ದಾರಿ ಹುಡುಕಿದ್ದರು. ಗುಡಿಯ ಹತ್ತಿರವೇ ಹಳೇ ಬಟ್ಟೆ ಮಳಿಗೆಯನ್ನು ತಂಗುಮನೆ ಮಾಡಿಕೊಂಡಿರುವವರ ಬಳಿ ಕೋಣೆ ಹಿಡಿಯುವುದು. ಅದನ್ನು ನಡೆಸುವವರು ಗಂಡ ಹೆಂಡತಿಯಂತೆ ಬಾಳುತ್ತಿರುವ ಇಬ್ಬರು ಗಂಡಸರು. ಅಲ್ಲಿ ಯಾರು ಯಾರ ಜೊತೆ ಮಲಗುತ್ತಾರೆಂದು ಯಾರೂ ಕೇಳುವುದಿಲ್ಲ.

“ಮೊದಲ ದಿನ ಕೋಸು ತೋರಿಸ್ತೀನಿ,” ಅಂದಳು ವಾನ್‌ರು. “ಸಂಜೆ ಗೀತನಾಟಕ. ಯಿಚೆನ್ ಆ ತಂಡಕ್ಕೇ ಬಟ್ಟೆ ಹೊಲಿಯೋದು, ಮುಂದಿನ ಸಾಲಲ್ಲಿ ಜಾಗ ಸಿಗತ್ತೆ. ಎರಡನೇ ದಿನ ಗುಡಿ. ಊಟಕ್ಕೆ ನಮ್ಮನ್ನ ಒಟ್ಟಿಗೆ ನೋಡಿ ಗೊತ್ತಿರೋ ಕಡೆಗೇ ಕರ್ಕೊಂಡು ಹೋಗ್ತೀನಿ. ಅಲ್ಲಿ ನಾವು ಬೇರೆ ಬೇರೆ ಮೇಜಲ್ಲಿ ಕೂತು ನಾಟಕ ಮಾಡೋ ಹಾಗಿಲ್ಲ. ಒಂದೇ ತಾಪತ್ರಯ, ಅಜ್ಜಿ ಹೇಳಿದ ಶನಿವಾರವೇ ನಮ್ಮಂಥವರ ಮೆರವಣಿಗೆ. ಊರು ತುಂಬ ಜನ ಇರ್ತಾರೆ.”

ತಂಗುಮನೆಯ ಚಿತ್ರ ಯುಂಗ್‌ಫಾನ ಫೋನಿಗೆ ಬಂತು. ಬಾಗಿಲ ಮೇಲೆ ಕಾಮನಬಿಲ್ಲಿನ ಬಣ್ಣದ ಬಾವುಟ.

“ಇದೇನು ಅಂತ ಅವ್ವ ಕೇಳಿದ್ರೆ?” ಅಂದ ಕುನ್‌ಶಾನ್.

“ಮದುವೆ ಮನೆ ಬಾಗಿಲಿಗೆ ಕಟ್ಟೋ ತೋರಣ ಅನ್ನಿ,” ಅಂದ ಯುಂಗ್‌ಫಾ. “ಸುಳ್ಳೇನಲ್ಲ.”

ಅಜ್ಜಿ ಹಿಂದಿನಿಂದ ಬಂದು, “ಮೆರವಣಿಗೆ ಅಂದಿರಲ್ಲ, ಯಾವ ದೇವರದ್ದು?” ಅಂದಳು.

“ದೇವರಿಲ್ಲದ ಮೆರವಣಿಗೆ ಅಜ್ಜಿ. ಬರೀ ಜನ.”

“ದೇವರಿಲ್ಲದೆ ಜನ ಯಾಕೆ ಬಿಸಿಲಲ್ಲಿ ನಡೀತಾರೆ?”

ಯುಂಗ್‌ಫಾ ನಕ್ಕ. ಕುನ್‌ಶಾನನಿಗೆ ನಗು ಬರಲಿಲ್ಲ. ಎರಡು ದಿನ ಹಿಟ್ಟು ನಾದುವಾಗ ಹಿಟ್ಟಿಗೇ ಹೊಡೆದ. ಕೋಣೆ ಎಷ್ಟು, ಯಾರ ಜೊತೆ ಯಾರು ಎಂದು ಸುಚಿನ್ ಕೇಳಿದಾಗಲೆಲ್ಲ ಹರಿಹಾಯ್ದ. ಅಜ್ಜಿಗೆ ನಡೆಯಲು ಹೊಸ ಬೂಟು ತಂದರೆ ಅದಕ್ಕೂ ಬೈದ. ಮೂರನೆಯ ದಿನ ಬೆಳಿಗ್ಗೆ ಗಂಜಿ ಕುಡಿಯುವಾಗ ಅಜ್ಜಿ ಮತ್ತೆ ತಾತನಿಗೆ ಏನೇನು ಕೇಳುತ್ತೇನೆಂದು ಶುರುಮಾಡಿದಳು. ಅವನ ತಾಳ್ಮೆ ಹರಿಯಿತು.

“ಹೋಗೋದೂ ಬೇಡ, ಕೇಳೋದೂ ಬೇಡ ಅವ್ವ. ಅವಳಿಗೆ ಒಬ್ಬ ಸಿಕ್ಕಿದ್ದಾನೆ. ಮದುವೆ ಆದ ಹಾಗೇ ಲೆಕ್ಕ. ನಿನ್ನ ತಾತ ಕೊಟ್ಟಾಯ್ತು. ಇನ್ನು ಅಷ್ಟು ದೂರ ಹೋಗಿ ಕೇಳೋಕೆ ಏನಿದೆ?”

ಪ್ರಯಾಣ ತಪ್ಪಿಸಲೆಂದು ಆಡಿದ ಮಾತು. ಬೇಕರಿಯಲ್ಲೇ ಹುಟ್ಟಿ ಬೆಳೆದವನು ಆ ಮಾತಾಡಬಾರದಿತ್ತು. ಹರಕೆ ಫಲಿಸದಿದ್ದರೆ ಇವತ್ತಲ್ಲ ನಾಳೆ ಹೋಗಬಹುದು. ಫಲಿಸಿದ ಮೇಲೆ ತಡಮಾಡುವಂತಿಲ್ಲ.

ಅಜ್ಜಿ ಬಟ್ಟಲು ಕೆಳಗಿಟ್ಟಳು. ಮುಖ ಅರಳಿತು. “ಹಾಗಾದ್ರೆ ಕೈಬೀಸ್ಕೊಂಡು ಹೋಗೋಕಾಗಲ್ಲ. ಕೇಕು ತಗೊಂಡು ಹೋಗ್ಬೇಕು. ಒಳ್ಳೇ ಹೆಸರುಬೇಳೆ ಹೂರಣದ್ದು, ದೊಡ್ಡದು.” ಗಂಜಿ ಆರುವುದರೊಳಗೆ ಬೀದಿ ದಾಟಿ ಎದುರುಮನೆಗೆ ಹೋಗಿಯಾಗಿತ್ತು.

ಎದುರುಮನೆಯ ಮೇಚೂ ಸಿಂಪಿ ವಡೆ ಕರಿದು ಮಾರುವವಳು. ಬೀದಿಯ ಸುದ್ದಿಯೆಲ್ಲ ಅವಳ ಬಾಣಲೆಯ ಮುಂದೆ ಹಾದೇ ಮುಂದಕ್ಕೆ ಹೋಗಬೇಕು. ಅಂಗಿಗೆ ಎಣ್ಣೆಕೈ ಒರೆಸುತ್ತ ಬೇಕರಿಗೆ ಬಂದಳು.

“ಏನ್ ಕುನ್‌ಶಾನ್, ಊರಿಗೆಲ್ಲ ಮದುವೆ ಕೇಕು ಮಾಡಿಕೊಡ್ತೀಯ, ನಿನ್ನ ಮಗಳದ್ದು ಯಾವಾಗ ತಿನ್ಸ್ತೀಯ ಅಂತ ಕೇಳಿ ಕೇಳಿ ನನ್ನ ಹಲ್ಲೇ ಉದುರಿಹೋಯ್ತು. ಅಂತೂ ಬಂತು. ಹುಡುಗ ಯಾವೂರು?”

“ಉತ್ತರದ ಕಡೆ.”

“ಉತ್ತರ ಅಂದ್ರೆ?”

“ಕೀಲುಂಗ್.”

“ಬಂದರಿನವನು. ಏನು ಕೆಲಸ?”

“ಬಟ್ಟೆ… ಬಟ್ಟೆ ಕೆಲಸ.”

“ಒಳ್ಳೇದಾಯ್ತು ಬಿಡು. ನನ್ನ ಮೂರು ಮಕ್ಕಳ ಕೇಕು ನೀವು ತಿಂದಿದ್ದೀರಿ. ಈ ಸಲ ನಂಗೆ ದೊಡ್ಡ ಡಬ್ಬಿ ಬರ್ಬೇಕು.”

ಮಧ್ಯಾಹ್ನದೊಳಗೆ ಗುಡಿ ಕಮಿಟಿಯವನು ಬಂದು ಕೈಕುಲುಕಿದ. ಊದುಬತ್ತಿ ಅಂಗಡಿಯವನು ಬಂದ. ಬಂದವರಿಗೆಲ್ಲ ಕುನ್‌ಶಾನ್ ಹಲ್ಲು ಕಿರಿದ. ಊಟಕ್ಕೆ ಕೂತಾಗ ಸುಚಿನ್ ಅವನ ಮುಂದೆ ಬಟ್ಟಲನ್ನು ಕುಕ್ಕಿದಳು.

“ಹುಡುಗನ ಊರು ಕೀಲುಂಗ್ ಅಂತೆ. ಕೆಲಸ ಬಟ್ಟೇದಂತೆ. ಹೆಸರನ್ನೂ ಹೇಳಿಬಿಡ್ಬೇಕಾಗಿತ್ತು.”

“ಸುಮ್ನಿರೇ. ಬಾಯಿಗೆ ಬಂದಿದ್ದು ಹೇಳ್ದೆ.”

“ಬಾಯಿಗೆ ಬಂದಿದ್ದಲ್ಲ ರೀ. ಆ ಹುಡುಗೀನೇ ತಗೊಂಡು ಮೀಸೆ ಬರೆದ್ರಿ.”

ಬೈಸಿಕೊಂಡ ಮೇಲಾದರೂ ಸುಮ್ಮನಿರಬೇಕಿತ್ತು. ಕುನ್‌ಶಾನ್ ಹಿತ್ತಲಿಗೆ ಹೋಗಿ ಮಗಳಿಗೆ ಫೋನ್ ಮಾಡಿದ. ಎರಡು ವರ್ಷದಲ್ಲಿ ಅವನಾಗಿಯೇ ಮಾಡಿದ ಮೊದಲ ಫೋನು ಅದು.

“ನಿನ್ನ ಜೊತೆ ಕೆಲಸ ಮಾಡೋ ಹುಡುಗರು ಇರ್ತಾರಲ್ಲ. ಯಾರಾದ್ರೂ ಒಬ್ಬ, ನೋಡೋಕೆ ಸರಿಯಾಗಿರೋನು. ಗುಡಿಗೆ ಬಂದು ಅಜ್ಜಿ ಪಕ್ಕ ನಿಂತು ಕೈಮುಗಿದು ಹೋಗ್ಲಿ. ಒಂದೇ ದಿನ.”

ಕುನ್‌ಶಾನ್ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

“ಕೇಳಿಸ್ತಾ?” ಅಂದ.

“ಕೇಳಿಸ್ತು ಅಪ್ಪ. ನೀವು ತೈಪೆಗೆ ಬರಬೇಡಿ.”

“ಏನಂದೆ?”

“ಯಾರೂ ಬರಬೇಡಿ. ನೀವು ಫೋನ್ ಮಾಡಿದ್ದೀರಿ ಅಂತ ನೋಡಿ ನಾನು ಕುಣಿದುಬಿಟ್ಟೆ. ಯಿಚೆನ್‌ನ ಕೂಗಿ ಕರೆದೆ, ಅಪ್ಪ ಮಾಡಿದ್ದಾನೆ ನೋಡೇ ಅಂತ. ಅವಳು ಇಲ್ಲೇ ಪಕ್ಕದಲ್ಲಿ ನಿಂತ್ಕೊಂಡು ಎಲ್ಲ ಕೇಳಿಸ್ಕೊಂಡ್ಲು. ಕೋಣೆ ಬೇಡ ಅಂತ ಹೇಳಿಬಿಡ್ತೀನಿ.”

ಫೋನು ಕಟ್ಟಾಯಿತು. ಅಂದಿನಿಂದ ಸುಚಿನ್ ಅವನಿಗೆ ಬಡಿಸುವುದನ್ನು ಬಿಟ್ಟಳು. ಅಡುಗೆ ಮಾಡಿ ಮುಚ್ಚಿಟ್ಟು ತಾನು ಹೋಗಿ ಅಂಗಡಿಯಲ್ಲಿ ಕೂರುವಳು. ಉಪ್ಪಿನಕಾಯಿ ಯಾವ ಭರಣಿಯಲ್ಲಿದೆಯೆಂದು ಗೊತ್ತಿಲ್ಲದೆ ಅವನು ಬರೀ ಗಂಜಿ ಕುಡಿದ. ಇದೊಂದೂ ತಿಳಿಯದ ಅಜ್ಜಿ ಮಾತ್ರ ಹೊಸ ಬೂಟು ಹಾಕಿಕೊಂಡು ಅಂಗಳದಲ್ಲಿ ನಡೆದು ರೂಢಿ ಮಾಡಿಕೊಳ್ಳುತ್ತಿದ್ದಳು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, ಮೊಮ್ಮಗಳಿಗೆ ಗಂಟು ಬಿತ್ತು ಅನ್ನುತ್ತಿದ್ದಳು.

ಅಕ್ಟೋಬರ್ ನಡುವಿನಲ್ಲಿ ಒಂದು ದಿನ, ಸಮುದ್ರದ ಗಾಳಿ ಬೀದಿಯ ಧೂಳನ್ನೆಲ್ಲ ಬೇಕರಿಯ ಗಾಜಿಗೆ ಎರಚುತ್ತಿದ್ದಾಗ, ಯಿಚೆನ್ ಒಬ್ಬಳೇ ಬಂದಳು. ಕುಳ್ಳಗಿನ ಹುಡುಗಿ, ಕೂದಲು ಕಿವಿಯವರೆಗೆ ಕತ್ತರಿಸಿದ್ದು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು. ಅಂಗಡಿಯಲ್ಲಿ ಕುನ್‌ಶಾನ್ ಒಬ್ಬನೇ ಇದ್ದ. ಮೊದಲು ಗಿರಾಕಿಯೆಂದುಕೊಂಡ. ಮದುವೆಯಾಗಿ ಎರಡು ವರ್ಷವಾದ ಮಗಳ ಜೊತೆಗಾತಿಯ ಮುಖ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ.

“ಅಂಕಲ್, ನಾನು ಯಿಚೆನ್. ಬಂದಿರೋದು ವಾನ್‌ರುಗೆ ಗೊತ್ತಿಲ್ಲ.”

“ಹೇಳು,” ಅಂದ. ಕೂತ್ಕೋ ಅನ್ನಲಿಲ್ಲ.

“ನನ್ನ ಚಿಕ್ಕಪ್ಪನ ಮಗನ್ನ ಒಪ್ಪಿಸಿದ್ದೀನಿ. ಒಳ್ಳೆಯವನು, ಮಾತು ಕಮ್ಮಿ. ಗುಡಿಗೆ ಬಂದು ಅಜ್ಜಿ ಜೊತೆ ಊದುಬತ್ತಿ ಹಚ್ಚಿ ಹೋಗ್ತಾನೆ. ನಾನು ಅವತ್ತು ಅಮ್ಮನ ಮನೇಲಿರ್ತೀನಿ. ವಾನ್‌ರುನ ಹೇಗೋ ಸಮಾಧಾನ ಮಾಡ್ತೀನಿ. ನೀವು ಬರಲ್ಲ ಅಂತಾದ ಮೇಲೆ ಅವಳು ಸರಿಯಾಗಿ ಊಟ ಮಾಡ್ತಿಲ್ಲ. ಅಜ್ಜಿಗೆ ಅಂತ ಮನೇಲಿ ಹಾಕ್ಕೊಳ್ಳೋಕೆ ಮೆತ್ತನೆ ಚಪ್ಪಲಿ ತಂದಿಟ್ಟಿದ್ಲು. ಅದನ್ನ ಬಾಗಿಲಿಂದ ತೆಗೆಯೋಕೂ ಬಿಡಲ್ಲ.”

ತಲೆತಗ್ಗಿಸಬೇಕಾದ ಹೊತ್ತು ಅದು. ಕುನ್‌ಶಾನನಿಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮುಖದ ಬಿಗಿ ಸಡಿಲವಾಯಿತು.

“ಎತ್ತರ ಎಷ್ಟಿದ್ದಾನೆ ಹುಡುಗ? ಕೋಟು ಇದೆಯಾ ಅವನ ಹತ್ರ? ಇಲ್ಲ ಅಂದ್ರೆ ಅಳತೆ ಹೇಳು, ಯುಂಗ್‌ಫಾನ ಮದುವೆದು ಇದೆ, ಆಗ್ಬಹುದು.”

“ಬೇಡ ಅಂಕಲ್. ಅಳತೆ ತಗೊಂಡಿದ್ದೀನಿ. ನಾನೇ ಹೊಲಿತಾ ಇದ್ದೀನಿ.”

ನಾಟಕದ ರಾಜರಿಗೂ ಮಂತ್ರಿಗಳಿಗೂ ನಿಲುವಂಗಿ ಹೊಲಿಯುವವಳು ತನ್ನ ಹೆಂಡತಿಯ ಪಕ್ಕ ನಿಲ್ಲುವ ಗಂಡನಿಗೆ ಕೋಟು ಹೊಲಿಯುತ್ತಿದ್ದಳು. ಬಿಸಿ ತಟ್ಟೆ ಹಿಡಿದು ಒಳಗಿನಿಂದ ಬಂದ ಸುಚಿನ್ ಬಾಗಿಲಲ್ಲೇ ನಿಂತು ಅಷ್ಟನ್ನೂ ಕೇಳಿದ್ದಳು. ತಟ್ಟೆ ಕೆಳಗಿಟ್ಟು, ಗಂಡನ ಕಡೆ ನೋಡದೆ, “ಬಸ್ಸಲ್ಲಿ ಬಂದ್ಯಾ? ಹಸಿದಿದ್ದೀಯ. ಬಾ, ಊಟಕ್ಕೆ ಕೂತ್ಕೋ,” ಅಂದಳು.

ಅಜ್ಜಿಗೆ ಯಿಚೆನ್‌ಳನ್ನು ಕಂಡು ಹಿಗ್ಗೋ ಹಿಗ್ಗು. ವಾನ್‌ರುಳ ಜೊತೆಗಿರುವವಳು ಎಂದರೆ ಎಲ್ಲ ಗೊತ್ತಿರುವವಳು. ಪಕ್ಕಕ್ಕೆ ಕೂರಿಸಿಕೊಂಡು ತನ್ನ ಕಡ್ಡಿಯಿಂದಲೇ ಅವಳ ಬಟ್ಟಲಿಗೆ ಮೀನಿನ ಹೊಟ್ಟೆಭಾಗದ ಒಳ್ಳೇ ತುಂಡು ಹಾಕಿದಳು.

“ನಂಗೆ ಇವರ್ಯಾರೂ ಸರಿಯಾಗಿ ಹೇಳಲ್ಲ. ನೀನು ಹೇಳು. ನಾನು ತಾತನ ಹತ್ರ ಎಲ್ಲ ಬಿಡಿಸಿ ಕೇಳಿದ್ದೆ. ಆ ಹುಡುಗ ಬೆಳಿಗ್ಗೆ ಬೇಗ ಏಳ್ತಾನಾ?”

ಯಿಚೆನ್ ಕುನ್‌ಶಾನನನ್ನು ನೋಡಿದಳು. ಅವನು ಸಾರಿನ ಬಟ್ಟಲು ನೋಡುತ್ತಿದ್ದ.

“ಬೇಗ ಏಳೋದೇ ಅಜ್ಜಿ. ವಾನ್‌ರು ಏಳೋದ್ರೊಳಗೆ ತರಕಾರಿ ತಂದಾಗಿರತ್ತೆ.”

“ಜೂಜು?”

“ಹೊಸವರ್ಷಕ್ಕೆ ಮಾತ್ರ, ಮನೆಯವರ ಜೊತೆ.”

“ಅದು ಜೂಜಲ್ಲ. ಕೋಪ? ನಮ್ಮ ಹುಡುಗೀಗೆ ಅವರಪ್ಪನ ಕೋಪ ಬಂದಿದೆ. ಇಬ್ಬರೂ ಹಾಗೇ ಇದ್ರೆ ಮನೆ ಉಳಿಯಲ್ಲ.”

“ಅವಳು ಕೂಗಾಡಿದ್ರೆ ಈ ಕಡೆಯಿಂದ ಮಾತಿರಲ್ಲ. ಬಟ್ಟೆ ಮಡಚ್ತಾ ಕೂತಿರೋದು.”

“ಅದೇ ಸರಿ. ಅವಳನ್ನ ಯಾವತ್ತಾದ್ರೂ ಅಳಿಸಿದ್ದಾನಾ?”

ಯಿಚೆನ್ ಕಡ್ಡಿ ಕೆಳಗಿಟ್ಟಳು. ಬಟ್ಟಲಿನ ಮೀನು ಹಾಗೇ ಇತ್ತು. “ಇಲ್ಲ ಅಜ್ಜಿ. ಈಗೊಂದು ವಾರದಿಂದ ಅಳ್ತಾಳೆ. ಅದು…”

“ಅತ್ತೆ,” ಅಂದಳು ಸುಚಿನ್. ನಿಂತೇ ಇದ್ದಳು, ಕೈಯಲ್ಲಿ ಅನ್ನದ ಸೌಟು. “ಅವನು ಅಂತ ಯಾರೂ ಇಲ್ಲ. ನೀವು ಕೇಳಿದ್ದೆಲ್ಲ ಇವಳ ಬಗ್ಗೆನೇ. ವಾನ್‌ರು ಮದುವೆ ಆಗಿರೋದು ಇವಳನ್ನ.”

ಕುನ್‌ಶಾನ್ ಎದ್ದ. “ಕೂತ್ಕೊಳ್ರೀ,” ಅಂದಳು ಸುಚಿನ್. ಕೂತ.

ಅಜ್ಜಿ ಯಿಚೆನ್‌ಳ ಮುಖ ನೋಡಿದಳು, ಅವಳ ಕೈ ನೋಡಿದಳು, ಮತ್ತೆ ಸೊಸೆಯ ಕಡೆ ತಿರುಗಿದಳು.

“ಯಾವಾಗ?”

“ಎರಡು ವರ್ಷ ಆಯ್ತು.”

“ಸರ್ಕಾರದಲ್ಲಿ ಬರೆಸಿದ್ದಾರಾ?”

“ಬರೆಸಿದ್ದಾರೆ ಅತ್ತೆ.”

ಅಜ್ಜಿಯ ಕುತ್ತಿಗೆಯಿಂದ ಕೆಂಪು ಏರಿ ಮುಖಕ್ಕೆ ಬಂತು. “ಹೋದ ವರ್ಷ ಬಸ್ಸಲ್ಲಿ ಹೋಗಿದ್ನಲ್ಲ,” ಅಂದಳು. “ತಾತನ ಮುಂದೆ ನಿಂತು, ಮುದಿಯಾ, ನಿದ್ದೆ ಮಾಡ್ತಿದ್ದೀಯಾ ಅಂತ ಕೂಗಿ ಬೈದೆ. ಅಲ್ಲಿದ್ದ ಹುಡುಗೀರೆಲ್ಲ ನಕ್ಕರು. ಅವನು ಅಷ್ಟರಲ್ಲೇ ಕೊಟ್ಟಿದ್ದ. ತಗೊಂಡು ಬಾಯಿ ಒರೆಸ್ಕೊಂಡವರು ನಾವು, ಬೈಸ್ಕೊಂಡೋನು ಅವನು.”

“ಅವ್ವ, ನಿನ್ನ ಎದೆ…”

“ನನ್ನ ಎದೆ ಹೆಸರೆತ್ತಬೇಡ. ಎರಡು ವರ್ಷ ಕುನ್‌ಶಾನ್. ಬೇಕರಿ ಮನೆ. ದೇವರಿಗೆ ಒಂದು ಕೇಕು ಮುಟ್ಟಿಸಿಲ್ಲ. ನನ್ನನ್ನ ಹರಕೆ ನುಂಗಿದವಳು ಮಾಡ್ದೆ.”

ಯಿಚೆನ್‌ಳನ್ನು ಅಜ್ಜಿ ತಬ್ಬಿಕೊಳ್ಳಲಿಲ್ಲ. ತಾನು ಕೂತಿದ್ದ ಕುರ್ಚಿಯನ್ನು ಸ್ವಲ್ಪ ಆಚೆಗೇ ಎಳೆದುಕೊಂಡಳು.

“ನಿಮ್ಮ ಕಡೆಯವರು ಯಾಕೆ ನಮ್ಮ ಬಾಗಿಲಿಗೆ ಬರಲಿಲ್ಲ? ಹೆಣ್ಣು ಕೊಟ್ಟು ತರೋ ಮನೆ, ಒಂದು ಮಾತು ಬೇಡ್ವಾ?”

“ಅಮ್ಮ ಬರ್ಬೇಕು ಅಂತಿದ್ರು ಅಜ್ಜಿ. ಫೋನೂ ಮಾಡಿದ್ರು.” ಯಿಚೆನ್ ಬಟ್ಟಲನ್ನು ಒಂದಿಷ್ಟು ಸರಿಸಿಟ್ಟಳು. “ಆಗ ಅನುಕೂಲ ಆಗಲಿಲ್ಲ.”

ಅನುಕೂಲ ಯಾಕಾಗಲಿಲ್ಲವೆಂಬುದು ಕುನ್‌ಶಾನನಿಗೆ ಗೊತ್ತಿತ್ತು. ಕೀಲುಂಗ್‌ನ ಆ ಹೆಂಗಸು ಫೋನ್ ಮಾಡಿ, ಹಣ್ಣು ತಗೊಂಡು ಬರ್ತೀವಿ ಅಂದಾಗ, ತಪ್ಪು ನಂಬರ್ ಅಂತ ಹೇಳಿ ಇಟ್ಟಿದ್ದ. ಅದನ್ನು ಈ ಹುಡುಗಿ ಅವನ ತಾಯಿಯ ಮುಂದೆ ಹೇಳಬಹುದಿತ್ತು. ಹೇಳಲಿಲ್ಲ. ಅವನಿಗೆ ತಲೆಯೆತ್ತಿ ಅವಳನ್ನು ನೋಡಲಾಗಲಿಲ್ಲ.

ಅಜ್ಜಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಿಚೆನ್ ಅರ್ಧ ಬಟ್ಟಲು ಅನ್ನ ಬಿಟ್ಟು ಬಸ್ಸಿಗೆ ಹೊರಟಳು. ಸುಚಿನ್ ನಿಲ್ದಾಣದವರೆಗೂ ಜೊತೆಗೆ ಹೋದಳು. ಕುನ್‌ಶಾನ್ ಮೇಜಿನ ಮುಂದೆ ಕೂತೇ ಇದ್ದ. ಯುಂಗ್‌ಫಾ ಬಂದು, “ಎದುರಿಗೆ ಇರೋ ಮೀನಾದ್ರೂ ತಿನ್ನಿ ಅಪ್ಪ, ನಾಚಿಕೆಯಿಂದ ಹೊಟ್ಟೆ ತುಂಬಲ್ಲ,” ಅಂದಾಗ ಅವನನ್ನು ಹೊಡೆಯಲು ಹೋದವನು ಕೈ ಕೆಳಗಿಳಿಸಿದ.

ಮಾರನೇ ದಿನ ಅಜ್ಜಿ ಹೊರಗೆ ಬಂದಾಗ ಅವನೇ ಗಂಜಿ ಬಡಿಸಿಕೊಟ್ಟ.

“ಕೇಕು ಮಾಡ್ತೀನವ್ವ. ಎಷ್ಟು ಹೇಳ್ತೀಯೋ ಅಷ್ಟು. ಗುಡಿಗೆ ತಗೊಂಡು ಹೋಗೋಣ.”

“ಮೊದಲು ಬೀದಿಗೆ ಹಂಚು.”

“ಬೀದಿಗಾ?”

“ಮತ್ತೆ? ಮೊಮ್ಮಗಳ ಮದುವೇನ ಊರಿಗೆ ಮುಚ್ಚಿಟ್ಟು ದೇವರ ಮುಂದೆ ಮಾತ್ರ ಕೇಕು ಇಟ್ರೆ, ಎಲ್ಲಿಂದಲೋ ಕದ್ದು ತಂದಿದ್ದಾಳೆ ಮುದುಕಿ ಅಂದ್ಕೋತಾನೆ. ಮದುವೆ ಕೇಕು ನೆರೆಯವರ ಮನೆಗೆ ಹೋಗಿ ಆಮೇಲೆ ಗುಡಿಗೆ ಹೋಗೋದು. ನಂಗೆ ಹೇಳಿಕೊಟ್ಟೋನು ನಿಮ್ಮಪ್ಪ.”

“ಅವ್ವ, ಅವರಿಗೆಲ್ಲ ಏನಂತ ಹೇಳ್ಲಿ?”

“ಯುಂಗ್‌ಫಾನ ಮದುವೇಲಿ ಏನು ಹೇಳ್ದೆ?”

“ಅದು ಬೇರೆ.”

“ಬೇರೆನೇ. ನಂಗೆ ತಿಳಿಯಲ್ವಾ? ನಂಗೂ ಇನ್ನೂ ಗಂಟಲಲ್ಲಿ ಇಳಿದಿಲ್ಲ. ಆ ಹುಡುಗೀನ ಏನಂತ ಕರೀಬೇಕು ಅಂತಾನೂ ಗೊತ್ತಾಗ್ತಿಲ್ಲ. ಆದ್ರೆ ಬೇಗ ಏಳೋರು ಬೇಕು, ಕೋಪ ಇಲ್ದೋರು ಬೇಕು ಅಂತ ಕೇಳಿದ್ದು ನಾನು. ಅವನು ಕೊಟ್ಟಿದ್ದಾನೆ. ಹಂಚಿ ಬಾ. ಹಂಚದೆ ನಾನು ವ್ಯಾನ್ ಹತ್ತಲ್ಲ.”

ಅಪ್ಪ ಮಗ ಸೇರಿ ಎರಡು ದಿನ ಕೇಕು ಬೇಯಿಸಿದರು. ಊಟದ ತಟ್ಟೆಯಗಲ, ಒಳಗೆ ಹೆಸರುಬೇಳೆ ಹೂರಣ, ಮೇಲೆ ಮದುವೆಯ ಕೆಂಪು ಮುದ್ರೆ. ಕೆಂಪು ಡಬ್ಬಿಗಳನ್ನು ಕೈಗಾಡಿಯಲ್ಲಿ ಜೋಡಿಸಿಕೊಟ್ಟು ಯುಂಗ್‌ಫಾ, “ನಾನೂ ಬರ್ಲಾ?” ಅಂದ. “ಬೇಡ,” ಅಂದ ಕುನ್‌ಶಾನ್.

ಮೇಚೂ ಬಾಣಲೆಯ ಮುಂದಿದ್ದಳು. ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವರು ಹೋಗಲೆಂದು ಅವನು ಕಾಯಬಹುದಿತ್ತು. ಕಾಯುತ್ತ ನಿಂತರೆ ವಾಪಸು ಬಂದುಬಿಡುತ್ತೇನೆಂದು ಅವನಿಗೆ ಗೊತ್ತಿತ್ತು.

“ಮೇಚೂ ಅಕ್ಕ, ವಾನ್‌ರು ಮದುವೆ ಕೇಕು.”

“ತಾ ತಾ. ಹುಡುಗನ ಹೆಸರೇನು?”

“ಹುಡುಗ ಅಲ್ಲ. ನಾನು ಅವತ್ತು ಸುಳ್ಳು ಹೇಳ್ದೆ. ಹುಡುಗಿ. ಯಿಚೆನ್ ಅಂತ. ಎರಡು ವರ್ಷ ಆಯ್ತು ಮದುವೆಯಾಗಿ.”

ಗಿರಾಕಿಗಳಲ್ಲೊಬ್ಬ ಫೋನ್ ನೋಡತೊಡಗಿದ. ಮೇಚೂ ಎಣ್ಣೆಕೈಯನ್ನು ನಿಧಾನವಾಗಿ ಒರೆಸಿಕೊಂಡಳು. ಡಬ್ಬಿಯನ್ನು ಎರಡು ಕೈಯಲ್ಲೂ ತೆಗೆದುಕೊಂಡಳು. ಒಳ್ಳೇದಾಗಲಿ ಅನ್ನಲಿಲ್ಲ.

“ಎರಡು ವರ್ಷದಿಂದ ನಾನು ನಿನ್ನ ಕೇಳ್ತಾನೇ ಇದ್ದೆ,” ಅಂದಳು. “ನೀನು ನಗ್ತಾನೇ ಇದ್ದೆ.”

“ಹೂಂ.”

“ವಡೆ ಸೀಯ್ತಾ ಇದೆ. ಹೋಗು, ಇನ್ನೂ ಮನೆಗಳಿವೆಯಲ್ಲ.”

ಎಲ್ಲ ಮನೆಯಲ್ಲೂ ಅದೇ ಮಾತು ಹೇಳಿದ. ಒಂದು ಮನೆಯಲ್ಲೂ ಅದು ಸಲೀಸಾಗಲಿಲ್ಲ. ಊದುಬತ್ತಿಯವನು ತಮಾಷೆಯೆಂದುಕೊಂಡು ನಕ್ಕು, ಆಮೇಲೆ ಕೆಮ್ಮಿದ. ಗುಡಿ ಕಮಿಟಿಯವನು ನಂಗೆ ಸಕ್ಕರೆ ಕಾಯಿಲೆ ಎಂದು ಡಬ್ಬಿ ಮುಟ್ಟಲಿಲ್ಲ. ಹುಣ್ಣಿಮೆ ಹಬ್ಬಕ್ಕೆ ನಾಲ್ಕು ಡಬ್ಬಿ ಒಯ್ದಿದ್ದವನು ಅವನೇ. ಕುನ್‌ಶಾನ್ ಬೈಯಲಿಲ್ಲ. ಆ ಡಬ್ಬಿಯನ್ನು ಅವನ ಹೊಸಿಲ ಮೇಲಿಟ್ಟು ಮುಂದಿನ ಮನೆಗೆ ಹೋದ. ಗಾಡಿ ಖಾಲಿಯಾಗುವ ಹೊತ್ತಿಗೆ ಅಂಗಿಯೆಲ್ಲ ಬೆವರಿ ಬೆನ್ನಿಗಂಟಿತ್ತು.

ಮನೆಗೆ ಬಂದವನೇ ಹಿತ್ತಲಿಗೆ ಹೋಗಿ ಫೋನ್ ಮಾಡಿದ. ಎತ್ತಿದವಳು ವಾನ್‌ರು.

“ಕೇಕು ಹಂಚಿ ಬಂದೆ,” ಅಂದ. “ಹೆಸರು ಹೇಳೇ ಹಂಚಿದೆ.”

“ಅಮ್ಮ ಹೇಳಿದ್ಲು.” ಅವಳ ದನಿ ಕರಗಿರಲಿಲ್ಲ. “ನನ್ನ ಹತ್ರ ಆಮೇಲೆ ಮಾತಾಡಿ. ಮೊದಲು ಅವಳ ಹತ್ರ.”

ಫೋನು ಕೈ ಬದಲಾಯಿಸಿತು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಹೇಳಿ ಅಂಕಲ್.”

“ಅವತ್ತು ಆ ಹುಡುಗನ ಕೋಟಿನ ಅಳತೆ ಕೇಳಿದ್ನಲ್ಲ.”

“ಹೂಂ.”

“ಕೇಳಬಾರದಾಗಿತ್ತು.”

“ಹೌದು ಅಂಕಲ್. ಕೇಳಬಾರದಾಗಿತ್ತು.”

ಪರವಾಗಿಲ್ಲ ಬಿಡಿ ಅನ್ನುತ್ತಾಳೆಂದು ಅವನು ಕಾದ. ಅನ್ನಲಿಲ್ಲ. ಅವನೂ ಫೋನ್ ಇಡಲಿಲ್ಲ.

“ನಮ್ಮಮ್ಮನೂ ಗುಡಿಗೆ ಬರ್ತಾರೆ,” ಅಂದಳು ಯಿಚೆನ್ ಕೊನೆಗೆ. “ಅವರ ಹತ್ರ ನೀವೇ ಮಾತಾಡ್ಬೇಕು. ನಾನು ಏನೂ ಹೇಳಿಕೊಡಲ್ಲ.”

“ಮಾತಾಡ್ತೀನಿ.”

“ತಂಗುಮನೆ ಕೋಣೆ ಬೇರೆಯವರಿಗೆ ಹೋಯ್ತು. ಶನಿವಾರದ ಮೆರವಣಿಗೆಗೆ ಜನ ಬಂದು ಊರಲ್ಲಿ ಎಲ್ಲೂ ಖಾಲಿ ಇಲ್ಲ. ನಮ್ಮನೇಲೇ ಇರ್ಬೇಕಾಗತ್ತೆ. ನಾಲ್ಕನೇ ಮಹಡಿ, ಲಿಫ್ಟಿಲ್ಲ. ಅಜ್ಜಿ ಹತ್ತುತ್ತಾರಾ?”

“ನಾನು ಬೆನ್ನ ಮೇಲೆ ಹೊತ್ಕೊಂಡು ಹತ್ತುತ್ತೀನಿ.”

“ನಿಮಗೆ ಸೊಂಟ ನೋವಲ್ವಾ? ಹಿಟ್ಟಿನ ಮೂಟೆ ಎತ್ತುವಾಗ ಹಿಡ್ಕೊಂಡಿದ್ದು ಇನ್ನೂ ಬಿಟ್ಟಿಲ್ಲ ಅಂತಿದ್ಲು ವಾನ್‌ರು.”

ತನ್ನ ಸೊಂಟದ ವಿಷಯ ಅವಳಿಗೆ ಗೊತ್ತಿದೆಯೆಂದು ಕುನ್‌ಶಾನನಿಗೆ ಗೊತ್ತಿರಲಿಲ್ಲ. ಅವಳ ಬಗ್ಗೆ ತನಗೆ ಗೊತ್ತಿದ್ದದ್ದು ಊರು ಮತ್ತು ಕೆಲಸ ಎರಡೇ. ಆ ಎರಡನ್ನೂ ಅವನು ಸುಳ್ಳಿಗೆ ಬಳಸಿಕೊಂಡಿದ್ದ.

“ನಿಧಾನಕ್ಕೆ ಹತ್ತುತ್ತೀನಿ,” ಅಂದ.